ಐತ್ವಾರ ಸರ್ ಮತ್ತ ಅಕ್ಕಾರಿಗೆ ಸನ್ಮಾನ, ಎಲ್ಲರೂ ಬರ್ರಿ

ಎಲ್ಲರಿಗೂ ನಮಸ್ಕಾರ್ರಿ. ಬರೋ ಐತ್ವಾರ ಸಂಜಿ 5ಕ್ಕ ನಮ್ಮ ಓಣಿ ಸಮುದಾಯ ಭವನದಾಗ ಸರ್ ಮತ್ತ ಅಕ್ಕಾರಿಗೆ ಸನ್ಮಾನ ಇಟ್ಕೊಂಡೀವಿ. ಹೊಟ್ಟ್ಯಾಗಿನ ಕೂಸು ಗಂಡಾಗ್ಲಿ ಹೆಣ್ಣಾಗ್ಲಿ ಅದಕ್ಕೂ ಬದುಕೋ ಹಕ್ಕೈತಿ ಅಂತ ಗಂಡ ಹೆಂಡ್ತಿ ಇಬ್ರೂ ಮಾನ್ವಿ, ಸಿಂಧನೂರು ಕಡೆ ಹಳ್ಳಿ ಹಳ್ಳಿ ತಿರುಗಿ ಹೇಳ್ಕೊಂತ ಬಂದಾರ, ಬರೇ ಭಾಷಣ ಅಲ್ರಿ, ಕೂಸು ಬ್ಯಾಡ ಅಂತ ಅಳ್ಕೊಂತ ಬಂದ ಹೆಣ್ಮಕ್ಳಿಗೆ ಒಂದು ಮಾತು ಬೈದಿಲ್ಲ, ಮನ್ಯಾಗ ಇಟ್ಕೊಂಡು, ರೊಟ್ಟಿ ಹಾಕಿ, ದವಾಖಾನಿಗೆ ಜೋಡಿ ಹೋಗಿ ಬಾಣಂತನಾನೂ ಮಾಡ್ಯಾರ. ನನಗಂತೂ ಇದ ಎಲ್ಲಕ್ಕಿಂತ ದೊಡ್ಡದು ಅನ್ನಿಸ್ತೈತಿ.

ಸಾಕಾಕ ಆಗಲ್ಲ ಅನ್ನೋರು ಕೂಸನ್ನ ಎಲ್ಲೆಲ್ಲೋ ಬಿಟ್ಟು ಹೋಗೋದು ಬ್ಯಾಡ, ಸರ್ಕಾರದ ಮಕ್ಕಳ ಕಲ್ಯಾಣ ಸಮಿತಿಗೆ ಕಾನೂನು ಪ್ರಕಾರ ಒಪ್ಪಿಸಬಹುದು, ಮನಸ್ಸು ಬದ್ಲಾದ್ರ ಅಂತ 2 ತಿಂಗಳು ಟೈಮೂ ಕೊಡ್ತಾರ, ಇದೆಲ್ಲ ಎಷ್ಟೋ ಮಂದಿಗೆ ಇವರಿಂದಾನ ಗೊತ್ತಾಗಿದ್ದು. ಸ್ಕ್ಯಾನಿಂಗ್‌ನಾಗ ಗಂಡೋ ಹೆಣ್ಣೋ ಕೇಳೋದು, ಹೇಳೋದು 1994ರ ಲಿಂಗ ಪತ್ತೆ ತಡೆ ಕಾಯ್ದೆದಾಗ ಅಪರಾಧ, ಅದನ್ನೂ ಬಿಡದ ಹೇಳ್ತಾರ.

ಹಾರ, ಶಾಲು ಬ್ಯಾಡ ಅಂತ ಅಕ್ಕಾರು ಮೊದ್ಲ ಹೇಳ್ಯಾರ. ಅದ್ರ ಬದ್ಲಿ ಬಾಣಂತೇರಿಗೆ ಕೊಬ್ರಿ, ಬೆಲ್ಲ, ಅಂಟು, ಕೂಸಿಗೆ ಮೆತ್ತನ ಬಟ್ಟಿ ತರ್ರಿ. ಬರೋರು ಶನಿವಾರದೊಳಗ ಇಲ್ಲೇ ಹೆಸರು ಹಾಕ್ರಿ, ಮಿರ್ಚಿ ಒಗ್ಗರಣಿ, ಚಾ ಎಷ್ಟು ಮಂದಿಗೆ ಅಂತ ಹೇಳ್ಬೇಕು.