ಯಾವುದಕ್ಕೆ ‘ಸರಿ’?

ಮಾನ್ಯರೇ,
ಎಡದಂಡೆ ಕಾಲುವೆಗೆ ನೀರು ಯಾವಾಗ, ಭತ್ತದ ಬೆಂಕಿರೋಗಕ್ಕೆ ಔಷಧ ಯಾವುದು ಎಂದು ಒಂದೇ ಇ-ಮೇಲ್‌ನಲ್ಲಿ ಗುಂಪಿಗೆ ಕೇಳಿದರೆ, ಮೇಲ್ತುದಿಯಲ್ಲಿ ‘ಸರಿ, ಹಾಗೇ ಮಾಡಿ’ ಎಂಬ ಉತ್ತರ. ಯಾವುದಕ್ಕೆ ಸರಿ? ಕೆಳಗೆ ಹಳೆಯ ಪತ್ರಗಳೆಲ್ಲ ಜೋತುಬಿದ್ದಿರುತ್ತವೆ. ಜಿಮೇಲ್ ಅವನ್ನು ಮೂರು ಚುಕ್ಕಿಗಳ ಹಿಂದೆ ಅಡಗಿಸುವುದರಿಂದ ಬರೆಯುವವರ ಕಣ್ಣಿಗೆ ಬೀಳುವುದೇ ಇಲ್ಲ. ಆ ಚುಕ್ಕಿ ಒತ್ತಿ, ಬೇಕಾದ ಎರಡು-ಮೂರು ಸಾಲು, ಬರೆದವರ ಹೆಸರು ಉಳಿಸಿ, ಮಿಕ್ಕಿದ್ದು ಅಳಿಸಿ. ಪ್ರತಿ ಪ್ರಶ್ನೆಯ ಕೆಳಗೇ ಅದರ ಉತ್ತರವಿರಲಿ. ಹಿನ್ನೆಲೆಗೆ ತಕ್ಕಷ್ಟೇ ಮೂಲಸಾಲು ಸಾಕೆಂದು 1995ರ ಇಂಟರ್‌ನೆಟ್ ಶಿಷ್ಟಾಚಾರದ ಮಾರ್ಗಸೂಚಿ ‘ಆರ್‌ಎಫ್‌ಸಿ 1855’ ಆಗಲೇ ಹೇಳಿದೆ, ಕೇಳಿದವರು ಕಡಿಮೆ! ಹೊಸ ವಿಷಯಕ್ಕೆ ಹಳೆಯ ಪತ್ರದ ‘ರಿಪ್ಲೈ’ ಒತ್ತಿದರೆ ಅದು ಹಳೆಯ ಸರಣಿಯಲ್ಲೇ ಹೂತುಹೋಗುತ್ತದೆ. ಬರೀ ‘ಧನ್ಯವಾದ’ಕ್ಕೆ ‘ರಿಪ್ಲೈ ಆಲ್’ ಬೇಡ.

– ಓದುಗ, ಸಿಂಧನೂರು, ರಾಯಚೂರು ಜಿಲ್ಲೆ