ಬ್ರೇಕ್ ಪೆಡಲ್ ಮೆತ್ತಗಾದ ಮೇಲೆ ಸ್ಟಾರ್ಟ್ ಲೈನಿಗೆ ಹೋಗಬೇಡ

ಪ್ರೀತಿಯ ಪುಟ್ಟಿ,

ಸ್ಪ್ರಿಂಟ್ ದಿನದ ಬಗ್ಗೆ, ಒಬ್ಬೊಬ್ಬರೇ ಗಡಿಯಾರದ ವಿರುದ್ಧ ಕಾರು ಓಡಿಸುವ ಆ ಸ್ಪರ್ಧೆಯ ಬಗ್ಗೆ, ನೀನು ಬರೆದದ್ದನ್ನೆಲ್ಲ ನಿಧಾನವಾಗಿ ಓದಿದೆ. ಬೆಳಗ್ಗೆ ಪ್ರಾಕ್ಟೀಸ್‌ನಲ್ಲಿ ಕಾರು ಗಿರ್ರನೆ ತಿರುಗಿ ಸ್ಪಿನ್ ಆಗಿದ್ದು, ಮೊದಲ ಟೈಮ್ಡ್ ರನ್‌ನಲ್ಲಿ ಬ್ರೇಕ್ ಪೆಡಲ್ ಕೆಳಗೆ ಹೋಗಿದ್ದು, ಕೊನೆಯ ರನ್‌ನಲ್ಲಿ ಟ್ರ್ಯಾಕ್ ಬಿಟ್ಟು ಹುಲ್ಲಿಗೆ ಇಳಿದಿದ್ದು. ನಿನಗೆ ಏನೂ ಆಗಲಿಲ್ಲ, ನನಗೆ ಅಷ್ಟು ಸಾಕು. ಬಂಪರ್ ಹೋದರೆ ಹೋಗಲಿ. ಆದರೆ ಕೊನೆಯಲ್ಲಿ "ನನಗೆ ಡ್ರೈವಿಂಗೇ ಬರಲ್ಲ ದೊಡ್ಡಪ್ಪ" ಅಂತ ಬರೆದಿದ್ದೀಯಲ್ಲ, ಅದನ್ನು ನಾನು ಒಪ್ಪುವುದಿಲ್ಲ. ಆ ದಿನ ನಡೆದ ಮೂರಕ್ಕೂ ಬೇರೆ ಬೇರೆ ಕಾರಣ ಇದೆ. ಮೂರನ್ನೂ ಸೇರಿಸಿ ನಿನ್ನನ್ನು ನೀನೇ ಬೈದುಕೊಂಡರೆ ಒಂದೂ ಸರಿಹೋಗುವುದಿಲ್ಲ.

ಸ್ಪಿನ್ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡ. ಸ್ಪ್ರಿಂಟ್‌ನಲ್ಲಿ ಟೈರ್ ಬಿಸಿಯಾಗುವಷ್ಟರಲ್ಲಿ ರನ್ನೇ ಮುಗಿದಿರುತ್ತದೆ. ಟೈರ್ ತಣ್ಣಗಿತ್ತು, ನೀನು ತಿರುವಿನ ನಡುವೆ ಹೆದರಿ ಆಕ್ಸಿಲರೇಟರ್‌ನಿಂದ ಪೂರ್ತಿ ಕಾಲು ತೆಗೆದೆ. ಭಾರ ಮುಂದಕ್ಕೆ ಬಂತು, ಹಿಂದಿನ ಚಕ್ರಗಳು ಹಗುರಾದವು, ಜಾರಿದವು. ಸ್ಟಿಯರಿಂಗ್ ನೇರ ಇರುವಾಗಲೇ ವೇಗ ಇಳಿಸಿಬಿಟ್ಟರೆ ತಿರುವಿನಲ್ಲಿ ಕಾಲು ಎತ್ತುವ ಪ್ರಸಂಗವೇ ಬರುವುದಿಲ್ಲ. ಕಾರು ತಿರುಗಿದ ಕೂಡಲೇ ಕ್ಲಚ್, ಬ್ರೇಕ್ ಎರಡನ್ನೂ ಒತ್ತಿ ಹಿಡಿದೆ ಅಂದೆಯಲ್ಲ, ಅದು ಬಹಳ ಒಳ್ಳೆಯ ಕೆಲಸ. ಡ್ರೈವಿಂಗ್ ಬಾರದವರಿಗೆ ಆ ಹೊತ್ತಿನಲ್ಲಿ ಅದು ಹೊಳೆಯುವುದಿಲ್ಲ.

ನನ್ನ ಎದೆ ಧಸಕ್ಕೆಂದಿದ್ದು ಪೆಡಲ್ ವಿಷಯ ಓದಿದಾಗ. ಪೆಡಲ್ ಗಟ್ಟಿಯಾಗಿಯೇ ಇದ್ದು ಕಾರು ನಿಲ್ಲದಿದ್ದರೆ ಚಕ್ರದ ಡಿಸ್ಕನ್ನು ಒತ್ತಿ ನಿಲ್ಲಿಸುವ ಪ್ಯಾಡ್ ಅತಿಯಾಗಿ ಕಾದಿದೆ ಅಂತ. ಆದರೆ ಪೆಡಲ್ ಮೆತ್ತಗಾಗಿ ಒಳಗೆ ಹೋಯಿತು ಅಂದರೆ, ಮೊದಲು ನೋಡಬೇಕಾದ್ದು ಫ್ಲೂಯಿಡ್, ಪೆಡಲಿನ ಒತ್ತಡವನ್ನು ಚಕ್ರದವರೆಗೆ ಸಾಗಿಸುವ ದ್ರವ. ಬ್ರೇಕ್ ಫ್ಲೂಯಿಡ್ ಗಾಳಿಯಲ್ಲಿರುವ ತೇವವನ್ನು ಸುಮ್ನೆ ಹೀರಿಕೊಳ್ಳುತ್ತಾ ಇರುತ್ತದೆ, ಕಾರು ನಿಂತಲ್ಲೇ ನಿಂತಿದ್ದರೂ. ಹೊಸ ಡಾಟ್ 4 ದರ್ಜೆಯ ಫ್ಲೂಯಿಡ್ ಕುದಿಯಬೇಕಾದರೆ ಕಡಿಮೆ ಅಂದರೂ 230 ಡಿಗ್ರಿ ಸೆಲ್ಸಿಯಸ್ ಬೇಕು. ಅದಕ್ಕೆ ಶೇ. 3.7ರಷ್ಟು ನೀರು ಸೇರಿತು ಅಂದರೆ 155 ಡಿಗ್ರಿಗೇ ಕುದಿಯಬಹುದು. ಇಷ್ಟೇ ನೀರಿಗೆ ಇಷ್ಟೊಂದು ವ್ಯತ್ಯಾಸ! ಕುದಿದಾಗ ಆವಿಯ ಗುಳ್ಳೆ ಏಳುತ್ತದೆ, ನೀನು ಒತ್ತಿದ ಬಲವೆಲ್ಲ ಆ ಗುಳ್ಳೆ ಹಿಸುಕುವುದಕ್ಕೇ ಖರ್ಚಾಗುತ್ತದೆ, ಪ್ಯಾಡನ್ನು ಒತ್ತುವ ಕ್ಯಾಲಿಪರ್‌ಗೆ ತಲುಪುವುದಿಲ್ಲ. ಆಮೇಲೆ ಕಾರುಗಳನ್ನು ನಿಲ್ಲಿಸುವ ಪ್ಯಾಡಕ್‌ನಲ್ಲಿ ಕಾರು ಆರಿತು, ಆವಿ ಮತ್ತೆ ದ್ರವವಾಯಿತು, ಪೆಡಲ್ ಗಟ್ಟಿಯಾಯಿತು. ನೀನು ಸರಿಹೋಯಿತು ಅಂದುಕೊಂಡೆ. ಸರಿಹೋಗಿರಲಿಲ್ಲ ಪುಟ್ಟಿ, ಅದೇ ಹಳೇ ಫ್ಲೂಯಿಡ್, ಕಾದರೆ ಮತ್ತೆ ಕುದಿಯುವಂಥದ್ದು.

ಇನ್ನೊಂದು ವಿಷಯ, ರನ್ ಮುಗಿಸಿ ಬಂದವಳು ಹ್ಯಾಂಡ್‌ಬ್ರೇಕ್ ಎಳೆದು ಇಳಿಯಬೇಡ. ಪ್ಯಾಡ್ ಕಾದ ಡಿಸ್ಕಿಗೆ ಒತ್ತಿಕೊಂಡೇ ಇದ್ದರೆ ಶಾಖ ಹೊರಗೆ ಹೋಗದೆ ಒಳಗೇ ಏರುತ್ತದೆ. ವಾಪಸ್ ಬರುವಾಗ ಬ್ರೇಕ್ ಆದಷ್ಟು ಕಡಿಮೆ ಒತ್ತುತ್ತಾ ನಿಧಾನವಾಗಿ ಬಾ, ಗೇರಿನಲ್ಲಿ ನಿಲ್ಲಿಸು, ಚಕ್ರಕ್ಕೆ ಅಡ್ಡ ಏನಾದರೂ ಕೊಡು.

ಈಗ ಕೊನೆಯ ರನ್. ಇದನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. "ಕಳೆದುಕೊಂಡಿದ್ದನ್ನೆಲ್ಲ ಇದರಲ್ಲೇ ತೆಗೆಯಬೇಕು ಅಂತ ಹೋದೆ" ಅಂದಿದ್ದೀಯ. ಏನು ಕಳೆದುಕೊಂಡಿದ್ದೆ? ಸ್ಪ್ರಿಂಟ್‌ನಲ್ಲಿ ಸಾಮಾನ್ಯವಾಗಿ ನಿನ್ನ ಟೈಮ್ಡ್ ರನ್‌ಗಳಲ್ಲಿ ಚೆನ್ನಾಗಿದ್ದದ್ದು ಒಂದೇ ಲೆಕ್ಕಕ್ಕೆ ಬರುವುದು, ಎಲ್ಲವನ್ನೂ ಕೂಡಿಸುವುದಿಲ್ಲ ಅಲ್ವಾ? ಪ್ರಾಕ್ಟೀಸಿನ ಸ್ಪಿನ್ನಿಗೆ ಅಲ್ಲಿ ಬೆಲೆಯೇ ಇಲ್ಲ. ತೀರಿಸಬೇಕಾದ ಸಾಲವೇ ಇರಲಿಲ್ಲ. ನೀನು ಹಸಿರು ದೀಪ ಬಂದ ಕೂಡಲೇ ಗಡಿಬಿಡಿಯಲ್ಲಿ ಕ್ಲಚ್ ಬಿಟ್ಟಿದ್ದೂ ಅದೇ ಅವಸರದಿಂದ. ಅಲ್ಲಿ ದೀಪ ಹತ್ತಿದಾಗ ಗಡಿಯಾರ ಓಡುವುದಿಲ್ಲ, ಕಾರು ಸ್ಟಾರ್ಟ್ ಲೈನಿನ ಬೆಳಕಿನ ಕಿರಣ ದಾಟಿದಾಗ ಓಡುತ್ತದೆ. ಉಸಿರು ತೆಗೆದುಕೊಂಡು ಹೊರಡುವಷ್ಟು ಸಮಯ ನಿನ್ನ ಕೈಯಲ್ಲೇ ಇತ್ತು.

ಆಮೇಲೆ ಬ್ರೇಕ್ ಒತ್ತುವುದನ್ನು ತಡ ಮಾಡಿದೆ. ವೇಗ ಶೇ. 10ರಷ್ಟು ಹೆಚ್ಚಿದರೆ ನಿಲ್ಲಲು ಬೇಕಾದ ದೂರ ಶೇ. 21ರಷ್ಟು ಹೆಚ್ಚುತ್ತದೆ, ಅದೂ ಬ್ರೇಕ್ ಚೆನ್ನಾಗಿದ್ದಾಗ. ನಿನ್ನ ಬ್ರೇಕ್ ಆಗಲೇ ಒಂದು ಸಲ ಕೈಕೊಟ್ಟಿತ್ತು. ಆ ತಿರುವಿನ ಹೊರಗಡೆ ಟ್ರ್ಯಾಕಿನ ಸುರಕ್ಷತೆ ನೋಡಿಕೊಳ್ಳುವ ಮಾರ್ಷಲ್‌ಗಳು ನಿಂತಿರುತ್ತಾರೆ, ಪ್ರತಿ ಕಾರಿನ ಬ್ರೇಕೂ ಸರಿಯಿದೆ ಅಂತ ನಂಬಿ ನಿಂತಿರುತ್ತಾರೆ. ನಿನ್ನ ಜೀವದ ಬಗ್ಗೆ ನೀನು ಧೈರ್ಯ ಮಾಡಬಹುದು, ಅವರ ಪರವಾಗಿ ಮಾಡುವ ಹಕ್ಕು ನಿನಗಿಲ್ಲ. ಕಾರಣ ಗೊತ್ತಾಗದೆ ಪೆಡಲ್ ಮೆತ್ತಗಾದರೆ ಆ ದಿನಕ್ಕೆ ಅಲ್ಲಿಗೆ ಮುಗಿಯಿತು. ಹೆಲ್ಮೆಟ್ ತೆಗೆ, ರನ್ ಬಿಡುತ್ತೇನೆ ಅಂತ ಹೇಳು, ಕಾರು ಟ್ರೇಲರ್‌ಗೆ ಹತ್ತಿಸು. ತಿಳಿದವರು ಯಾರೂ ನಗುವುದಿಲ್ಲ, ನಕ್ಕರೆ ಅವರ ಮಾತು ನಿನಗೆ ಬೇಕಿಲ್ಲ.

ಮುಂದಿನ ಸ್ಪ್ರಿಂಟ್‌ಗೆ ಹೆಸರು ಕೊಡು. ಬಿಡಬೇಡ. ಅದಕ್ಕೂ ಮೊದಲು ಹೋಸ್‌ಗಳಲ್ಲಿ ಸೋರಿಕೆ ಇದೆಯಾ ನೋಡಬೇಕು, ಫ್ಲೂಯಿಡ್ ಪೂರ್ತಿ ಬದಲಿಸಬೇಕು. ಬ್ಲೀಡ್ ಮಾಡುವುದು, ಅಂದರೆ ಹಳೇ ಫ್ಲೂಯಿಡ್, ಗಾಳಿ ಗುಳ್ಳೆ ಹೊರಹಾಕುವುದು, ಇಬ್ಬರ ಕೆಲಸ. ನೀನು ಪೆಡಲ್ ಒತ್ತಿ ಹಿಡಿ, ನಾನು ಕ್ಯಾಲಿಪರ್ ಮೇಲಿನ ಬ್ಲೀಡ್ ನಿಪ್ಪಲ್ ಸಡಿಲಿಸುತ್ತೇನೆ, ನಾನು ಬಿಗಿ ಮಾಡಿದೆ ಅನ್ನುವವರೆಗೆ ಕಾಲು ಎತ್ತಬಾರದು. ಯಾವ ಚಕ್ರದಿಂದ ಶುರು ಮಾಡಬೇಕು ಅನ್ನುವುದು ಕಾರಿನ ಮ್ಯಾನ್ಯುಯಲ್‌ನಲ್ಲಿ ಇರುತ್ತದೆ, ತೆಗೆದಿಡು. ನಿನಗೆ ಯಾವತ್ತು ಬಿಡುವು ಅಂತ ಹೇಳಿದರೆ ಬರುತ್ತೇನೆ. ಹೊಸ ಡಬ್ಬಿಯ ಸೀಲ್ ಮಾತ್ರ ನಾನು ಬರುವ ಮೊದಲೇ ಒಡೆಯಬೇಡ.

ನಿನ್ನ
ದೊಡ್ಡಪ್ಪ