ಮೊದಲ ಕಂತಿಗೆ ಎರಡು ತಿಂಗಳು ಬಿಡುವು ಕೊಡಿ

ಮಾನ್ಯರೇ,

ಮಹಿಳೆಯರ ಸಾಲದ ಗುಂಪೊಂದರ ಲೆಕ್ಕ ಬರೆಯುವವಳು ನಾನು. ಹೆಣ್ಣುಮಕ್ಕಳು ಉದ್ಯಮ ಶುರು ಮಾಡಲಿ ಎಂದು ಎಲ್ಲರೂ ಹೇಳುತ್ತಾರೆ. ಸಾಲವೂ ಸಿಗುತ್ತಿದೆ. ಆದರೆ ಮೊದಲ ಕಂತು ಯಾವಾಗ ಕಟ್ಟಬೇಕು ಎಂಬುದರ ಬಗ್ಗೆ ಯಾರೂ ಮಾತಾಡುವುದಿಲ್ಲ.

ಹೊಲಿಗೆ ಯಂತ್ರಕ್ಕೆ ಸಾಲ ತೆಗೆದುಕೊಂಡವಳಿಗೆ ಯಂತ್ರ ಬಂದು, ಕೈ ಕುದುರಿ, ಗಿರಾಕಿ ಸಿಗಲು ಸಮಯ ಬೇಕಲ್ವಾ? ಕಂತು ಮಾತ್ರ ಎರಡನೇ ವಾರಕ್ಕೇ ಶುರು. ಹಾಗಾಗಿ ಸಾಲದ ಹಣದಲ್ಲೇ ಒಂದಿಷ್ಟು ಎತ್ತಿಟ್ಟು, ಅದರಿಂದಲೇ ಮೊದಲ ಕಂತುಗಳನ್ನು ಕಟ್ಟುತ್ತಾಳೆ. ಉಳಿದ ದುಡ್ಡಿಗೆ ಯಂತ್ರ ಬರುವುದಿಲ್ಲ. ಬಟ್ಟೆ ತಂದು ಮಾರುತ್ತಾಳೆ, ಅಷ್ಟೇ. ನನ್ನ ಪುಸ್ತಕದಲ್ಲಿ ಮಾತ್ರ ಅವಳ ಹೆಸರಿನ ಮುಂದೆ ‘ಉದ್ದೇಶ: ಹೊಲಿಗೆ’ ಅಂತಲೇ ಇರುತ್ತದೆ.

ಇದು ಸುಮ್ನೆ ನನ್ನ ಅನಿಸಿಕೆಯಲ್ಲ. ಕೋಲ್ಕತ್ತದ ಸಾಲಗಾರ್ತಿಯರ ಮೇಲೆ ನಡೆದ ಅಧ್ಯಯನವೊಂದು 2013ರಲ್ಲಿ ಪ್ರಕಟವಾಗಿದೆ. ಅಲ್ಲಿ ಕೆಲವರಿಗೆ ಎರಡು ವಾರದ ಬದಲು ಎರಡು ತಿಂಗಳು ಬಿಡುವು ಕೊಟ್ಟರು. ಅವರು ವ್ಯಾಪಾರಕ್ಕೆ ಜಾಸ್ತಿ ಹಣ ಹಾಕಿದರು. ಸುಮಾರು ಮೂರು ವರ್ಷದ ನಂತರ ಲಾಭವೂ ಹೆಚ್ಚಿತ್ತು. ಬಾಕಿ ಉಳಿಸಿಕೊಂಡವರೂ ಹೆಚ್ಚಿದ್ದರು, ಅದನ್ನು ಮುಚ್ಚಿಡಬಾರದು. ಸಾಲ ಕೊಡುವವರ ಭಯ ಅದೇ. ಆದರೆ ಕೆಲವರು ಕಟ್ಟಲಾರರು ಎಂದು ಎಲ್ಲರನ್ನೂ ಚಿಲ್ಲರೆ ವ್ಯಾಪಾರಕ್ಕೇ ಕಟ್ಟಿಹಾಕುವುದು ನ್ಯಾಯವಲ್ಲ.

ಒಂದು ಸಾಲವನ್ನು ತಪ್ಪದೇ ತೀರಿಸಿದವಳಿಗಾದರೂ ಮುಂದಿನ ಸಾಲದಲ್ಲಿ ಈ ಬಿಡುವು ಕೊಡಿ. ಆ ಎರಡು ತಿಂಗಳ ಬಡ್ಡಿ ಎಷ್ಟು ಎಂಬುದನ್ನು ಸಹಿ ಹಾಕಿಸುವ ಮೊದಲೇ, ಅವಳ ಭಾಷೆಯಲ್ಲೇ ಓದಿ ಹೇಳಿ.

– ಗುಂಪೊಂದರ ಲೆಕ್ಕ ಬರೆಯುವವಳು